ಗಲ್ಲಿಯ ಬೋಗಾಣಿ

ಅಟ್ಟದ ಮೇಲಿದ್ದ ದೊಡ್ಡ ಅಲ್ಯುಮಿನಿಯಂ ಬೋಗಾಣಿಯ ಕಂಠ ಹಿಡಿದು ಮಂಜುಳಾ ಎಳೆಯುತ್ತಿದ್ದಾಗ ಹಿಂದಿನಿಂದ ಬಂದ ನೆರೆಮನೆಯ ಚನಬಸವ್ವ ಅವಳ ರಟ್ಟೆ ಹಿಡಿದಳು.

“ಅದನ್ನ ಇಳಸಬ್ಯಾಡ, ಯವ್ವಾ.”

“ಅವ್ವನ ಮೈ ತೊಳಿಯಾಕ ನೀರು ಕಾಯಸಬೇಕಲ್ಲಾ, ಮೌಶಿ. ಇಷ್ಟು ದೊಡ್ಡದು ಬ್ಯಾರೆ ಎಲ್ಲೈತಿ?”

“ನನ್ನ ಮನ್ಯಾಗ ನೀರು ಕಾಯ್ದಾವ, ತರ್ತೀನಿ. ಅದನ್ನ ಮಾತ್ರ ಮುಟ್ಟಬ್ಯಾಡ.”

ಯಾಕೆ ಎಂದು ಕೇಳುವಷ್ಟರಲ್ಲಿ ಹೊರಗೆ ಯಾರೋ ಹೊಸದಾಗಿ ಬಂದು ಗೋಳೋ ಎಂದು ಅತ್ತರು. ಚನಬಸವ್ವ ಅತ್ತ ಓಡಿದಳು. ಬೋಗಾಣಿ ಅಟ್ಟದ ಅಂಚಿನಲ್ಲಿ ಅರ್ಧ ಹೊರಗೆ ಚಾಚಿಕೊಂಡೇ ಉಳಿಯಿತು.

ಕೆಳಗೆ ಗೋಡೆಗೆ ಒರಗಿಸಿ ಕೂರಿಸಿದ್ದ ದಾನಮ್ಮನ ಮುಖದಲ್ಲಿ ಯಾವ ಗಡಿಬಿಡಿಯೂ ಇರಲಿಲ್ಲ. ಬದುಕಿದ್ದಾಗ ಅವಳು ಇಷ್ಟು ಹೊತ್ತು ಒಂದೇ ಕಡೆ ಕುಳಿತದ್ದನ್ನು ಆ ಗಲ್ಲಿಯ ಯಾರೂ ನೋಡಿದವರಲ್ಲ. ಹಿಂದಿನ ಸಂಜೆ ನಳದ ಕಟ್ಟೆಯಿಂದ ಕೊಡ ಹೊತ್ತು ಬಂದವಳು, ಎದೆ ಹಿಡಿಯಿತು ಎಂದು ಹೊಸ್ತಿಲಲ್ಲೇ ಕೂತಿದ್ದಳು. ಮತ್ತೆ ಏಳಲಿಲ್ಲ. ಫೋನು ಹೋದ ಕೂಡಲೇ ಮಗಳು ಮಂಜುಳಾ ನಾಸಿಕ್ ಹತ್ತಿರದ ಓಝರ್‌ನಿಂದ ಗಂಡ ಶಾಂತಕುಮಾರನ ಜೊತೆ ಹೊರಟು, ಬೆಳಗಾಗುವುದರೊಳಗೆ ಸಂಭಾಜಿನಗರ ಸೇರಿ, ಅಲ್ಲಿಂದ ಆಟೋ ಹಿಡಿದು ತವರು ವಾಳೂಜಿಗೆ ಬಂದಿದ್ದಳು.

ಮಣ್ಣಿನ ಕೆಲಸಗಳು ಒಂದೊಂದಾಗಿ ನಡೆದವು. ವಿಭೂತಿ ಹಚ್ಚಬೇಕಾದ ಅಯ್ಯನವರು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ, ನೀಲಿ ಅಂಗಿಯ ಮೇಲೆಯೇ ಶಾಲು ಹೊದ್ದು ಬಂದಿದ್ದರು. ನಿದ್ದೆಗೆಟ್ಟ ಕಣ್ಣು, ಆದರೆ ಮಂತ್ರದಲ್ಲಿ ಒಂದಕ್ಷರ ತಪ್ಪಲಿಲ್ಲ. ಹುಡುಗರು ಬಿದಿರು ಕಟ್ಟಿ ಹೆಣ ಕೂರಿಸುವ ವಿಮಾನ ಮಾಡಿದರು. ಗಲ್ಲಿಯ ತುದಿಯವರೆಗೆ ಹೆಂಗಸರೂ ನಡೆದು ಬಂದರು; ಮಂಜುಳಾ ಕುಣಿಯವರೆಗೂ ಹೋದಳು. ಅಷ್ಟು ಜನ ಸೇರಿದ್ದು ಕಂಡು ಮಂಜುಳಾಳಿಗೆ ದುಃಖದ ನಡುವೆಯೂ ಎದೆ ತುಂಬಿ ಬಂತು.

ಗಲ್ಲಿಯಾಚೆಯ ಹೊಲದ ಮೂಲೆಯಲ್ಲಿ ತೋಡಿದ ಕುಣಿಗೆ ಎಲ್ಲರೂ ಹಿಡಿ ಮಣ್ಣು ಹಾಕಿದ ಮೇಲೆ, ಯಲ್ಲಾಲಿಂಗ ಎಂಬ ಕಾರ್ಖಾನೆಯ ಕೆಲಸಗಾರ ಅವಳ ಬಳಿ ಬಂದು ನಿಂತ. ಅವಳಿಗೆ ಅವನ ಪರಿಚಯವಿರಲಿಲ್ಲ.

“ಅಕ್ಕಾರ, ನಾ ಸಿಂದಗಿ ಕಡಿಯಾಂವ. ನಮ್ಮಪ್ಪ ಊರಾಗ ತೀರಿಕೊಂಡಾಗ ನನಗ ಹೋಗಾಕ ಆಗಲಿಲ್ಲ. ಖೋಲಿಯೊಳಗ ಒಬ್ಬನ ಕುಂತಿದ್ದೆ. ದಾನಮ್ಮಾಯಿ ಬಂದು ಬಾಗಿಲಾ ಬಡದ್ರು. ‘ಸತ್ತಾವ್ರು ಎಲ್ಲೇ ಸಾಯಲಿ, ಅಳಾಂವ ಇಲ್ಲೇ ಅದಾನಲ್ಲ, ಉಣ್ಣಬೇಕು’ ಅಂದ್ರು. ಆ ಬೋಗಾಣಿ ಹಿಡಕೊಂಡು ಬಂದಿದ್ರು, ಒಬ್ಬಾವನ ಸಲುವಾಗಿ!”

ಹೇಳುತ್ತಾ ನಕ್ಕ. ನಗುತ್ತಲೇ ಅತ್ತುಬಿಟ್ಟ.

ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ಮಣ್ಣು ಮಾಡಿ ಬಂದವರಿಗೆ ಹೊರಗಿನವರೇ ತಂದು ಉಣ್ಣಿಸಬೇಕು. ಮರಾಠಿಯವರು ಇದಕ್ಕೆ ಕಡೂ ಘಾಸ್ ಎನ್ನುತ್ತಾರೆ, ಕಹಿ ತುತ್ತು ಎಂದು. ಊರಲ್ಲಾದರೆ ಬಳಗದವರು ತರುತ್ತಾರೆ. ವಿಜಯಪುರ, ಕಲಬುರಗಿ, ಬೀಡ್, ಬಿಹಾರ, ಎಲ್ಲೆಲ್ಲಿಂದಲೋ ದುಡಿಯಲು ಬಂದವರ ಗಲ್ಲಿಯಲ್ಲಿ ಬಳಗ ಎಲ್ಲಿಂದ ಬರಬೇಕು? ದಾನಮ್ಮ ಬರುತ್ತಿದ್ದಳು. ಒಂದು ಮನೆಯಿಂದ ಬೇಳೆ, ಇನ್ನೊಂದರಿಂದ ಅಕ್ಕಿ ಕೂಡಿಸಿ, ಚನಬಸವ್ವನಿಂದ ರೊಟ್ಟಿ ತಟ್ಟಿಸಿ, ತಾನು ಬೋಗಾಣಿ ತುಂಬ ಬೇಳೆ ಕುದಿಸುತ್ತಿದ್ದಳು. ಸಾವಿನ ಅಡುಗೆಗೆ ಒಗ್ಗರಣೆ ಹಾಕಬಾರದು ಎಂದು ಹಿರಿಯರು ಗದರಿದರೆ, “ಅತ್ತ ಬಾಯಿಗೆ ಸಪ್ಪನ್ನ ಬ್ಯಾಳಿ ಇಳಿಯೂದಿಲ್ಲ” ಎಂದು ಧಾರಾಳವಾಗಿ ಬೆಳ್ಳುಳ್ಳಿ ಹಾಕಿ ಚುಂಯ್ ಅನ್ನಿಸುತ್ತಿದ್ದಳು. ಮಂಜುಳಾ ಚಿಕ್ಕವಳಿದ್ದಾಗ ಅವ್ವ ಯಾರ ಮನೆಯ ಅಳುವಿಗೋ ಓಡುತ್ತಾಳೆ, ನನ್ನ ಜಡೆ ಹಾಕಲು ಪುರಸೊತ್ತಿಲ್ಲ ಎಂದು ಸಿಡುಕುತ್ತಿದ್ದಳು.

ಮಧ್ಯಾಹ್ನ ಇಳಿಯಿತು. ಕೈಕಾಲು ತೊಳೆದು ಎಲ್ಲರೂ ಮನೆ ಸೇರಿ ಬಹಳ ಹೊತ್ತಾದರೂ ಒಂದು ತಟ್ಟೆ ಅನ್ನ ಬರಲಿಲ್ಲ.

ಮಂಜುಳಾಳ ಅಪ್ಪ ರಾಚಪ್ಪ ಹೊಸ್ತಿಲ ಮೇಲೆ ಕೂತಿದ್ದ. ಸಕ್ಕರೆ ಕಾಯಿಲೆಯವನು; ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬೆರಳು ಸಣ್ಣಗೆ ನಡುಗುತ್ತಿದ್ದವು, ಹಣೆಯ ಮೇಲೆ ಬೆವರು.

“ಅಪ್ಪಾ, ಒಂದ್ ಬಿಸ್ಕೀಟರ ತಿನ್ನು. ಚಾ ತರಸ್ಲಿ?”

“ಬ್ಯಾಡ.”

“ನಾ ರಸ್ತಾದ ನಾಕಾದಿಂದ ಗರಂ ಊಟಾ ತರ್ತೀನ್ರಿ ಮಾವಾ,” ಎಂದ ಶಾಂತಕುಮಾರ. “ಚೊಲೋ ಹೋಟೆಲ್ ಐತಿ.”

“ನಿಮ್ಮತ್ತಿ ಯಾರ ಮನಿಗೂ ಹೋಟೆಲಿಂದ ಒಯ್ದಿಲ್ಲೋ ತಮ್ಮಾ. ಯಾರರ ತರ್ತಾರ. ಕುಂದ್ರು.” ರಾಚಪ್ಪ ಮೂಗು ಎತ್ತಿ ಗಾಳಿ ಎಳೆದುಕೊಂಡ. “ಇನ್ನಾ ಒಗ್ಗರಣಿ ವಾಸನಿ ಬರವಲ್ದು.”

ಎದುರುಮನೆಯ ರಾಧಾಬಾಯಿಯ ಜಗಲಿಯ ಮೇಲೆ ಹೆಂಗಸರು ಗುಂಪಾಗಿ ಪಿಸುಗುಟ್ಟುತ್ತಿದ್ದರು. ಮಂಜುಳಾ ಅತ್ತ ನೋಡಿದೊಡನೆ ಎಲ್ಲರೂ ಬಾಯಿ ಮುಚ್ಚಿ ನೆಲ ನೋಡಿದರು. ಇಡೀ ಗಲ್ಲಿಗೆ ಉಣ್ಣಿಸಿದವಳ ಮನೆಗೆ ಒಂದು ತುತ್ತಿಲ್ಲವೇ?

“ಅವ್ವ ಈ ಸಾವಿನ ಅಡಗಿ ಯಾಕ ಹಚಗೊಂಡ್ಲು, ಅಪ್ಪಾ?” ಎಂದಳು. “ಯಾರ್ ಕೇಳಿದ್ರು ಆಕೀನ?”

ರಾಚಪ್ಪ ಎದುರಿನ ಜಗಲಿಯ ಕಡೆಗೇ ನೋಡುತ್ತಾ ಮೆಲ್ಲಗೆ ಶುರು ಮಾಡಿದ.

*

ಆಗ ವಾಳೂಜಿನಲ್ಲಿ ಕಾರ್ಖಾನೆಗಳ ಗೋಡೆಗಳಿನ್ನೂ ಏಳುತ್ತಿದ್ದವು. ರಾಚಪ್ಪ ಇಟ್ಟಂಗಿ ಹೊರುತ್ತಿದ್ದ, ದಾನಮ್ಮ ಸಿಮೆಂಟ್ ಕಲಸುತ್ತಿದ್ದಳು. ಮಂಜುಳಾ ಹುಟ್ಟುವುದಕ್ಕೆ ಮೊದಲು ಅವರಿಗೊಂದು ಗಂಡು ಕೂಸಿತ್ತು. ನೆರಳಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿದ್ದಲ್ಲೇ ಜ್ವರ ಬಂದು ತೀರಿಕೊಂಡಿತು.

ಗಂಡ ಹೆಂಡತಿ ಇಬ್ಬರೇ ಹೋಗಿ ಮಣ್ಣು ಮಾಡಿ ಬಂದರು. ತಗಡಿನ ಶೆಡ್ಡಿಗೆ ಮರಳಿ, ಒಲೆಯ ಮುಂದೆ ಕೂತರು. ಹೊತ್ತಿಸುವ ಹಾಗಿಲ್ಲ. ತಂದು ಕೊಡುವವರು ಯಾರೂ ಇಲ್ಲ. ಆ ಸಂಜೆ ಹಾಗೇ ಕಳೆಯಿತು, ಮರುದಿನ ಬೆಳಗೂ ಕಳೆಯಿತು. ದಾನಮ್ಮ ಎದೆ ಕಟ್ಟಿ ಹಾಲು ಸೋರುತ್ತಾ ಕೂತೇ ಇದ್ದಳು.

ಕೊನೆಗೆ ಬಾಗಿಲಿಗೆ ಅಡ್ಡ ಕಟ್ಟಿದ್ದ ಗೋಣಿತಟ್ಟು ಸರಿಸಿ ಒಬ್ಬ ಹೆಂಗಸು ಬಗ್ಗಿ ಒಳಗೆ ಬಂದಳು. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ ಬಾರದು. ಸೆರಗಿನಡಿ ಜೋಳದ ಭಾಕ್ರಿ, ಒಂದು ಬಟ್ಟಲು ಕಡಲೆಹಿಟ್ಟಿನ ಪಿಠಲೆ. ದಾನಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಭಾಕ್ರಿ ಮುರಿದು, ಅದ್ದಿ, ಬಾಯಿಗಿಟ್ಟಳು. ದಾನಮ್ಮ ನುಂಗಿದಳು. ನುಂಗಿದ ಮೇಲೆಯೇ ಅವಳಿಗೆ ಅಳು ಬಂದದ್ದು.

*

“ಆ ಹೆಂಗಸು ಯಾರು?” ಎಂದಳು ಮಂಜುಳಾ.

ರಾಚಪ್ಪ ಗದ್ದ ಎತ್ತಿ ಎದುರು ಮನೆ ತೋರಿಸಿದ. “ರಾಧಾಬಾಯಿ. ಅವರ ಕಡಿಂದ ಕಲತದ್ದು ನಿಮ್ಮವ್ವ. ಅದರ ಮರುವರ್ಷ ದೀಪಾವಳಿಗೆ ಸೀರಿ ಕೊಡಸ್ತೀನಂದ್ರ, ಶಹಾಗಂಜ ಪ್ಯಾಟಿಗೆ ಹೋಗಿ ಬೋಗಾಣಿ ಕೊಂಡು ತಂದ್ಲು.”

ಮಂಜುಳಾ ಥಟ್ಟನೆ ಎದ್ದಳು. ಗಲ್ಲಿ ದಾಟಿ ಜಗಲಿಯ ಮುಂದೆ ನಿಂತಳು.

“ಆಜಿ, ನಮ್ಮಪ್ಪ ಉಪಾಶಿ ಕುಂತಾನ. ನೀವೆಲ್ಲಾ ನೋಡಾಕತ್ತೀರಿ. ನಮ್ಮವ್ವ ನಿಮಗ ಏನ್ ಕಮ್ಮಿ ಮಾಡಿದ್ಲು?”

ರಾಧಾಬಾಯಿಗೆ ಈಗ ಗಲ್ಲಿಯವರ ಕನ್ನಡ ಬರುತ್ತಿತ್ತು; ವಯಸ್ಸಾಗಿತ್ತು, ಕಿವಿ ಮಂದ. ಆದರೆ ಇದು ಕೇಳಿಸಿತು. ಅವಳು ಎದ್ದು ತನ್ನ ಮನೆಯ ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಪರಾತದ ತುಂಬ ನಾದಿಟ್ಟ ಜೋಳದ ಹಿಟ್ಟು, ಒದ್ದೆ ಬಟ್ಟೆ ಮುಚ್ಚಿ. ಪಕ್ಕದಲ್ಲಿ ನೆನೆದು ಉಬ್ಬಿದ ಬೇಳೆ. ಸುಲಿದ ಬೆಳ್ಳುಳ್ಳಿಯ ರಾಶಿ.

“ಬಘ ಪೋರಿ, ನೋಡು. ಮುಂಜಾನಿಂದ ಹಿಂಗ ಇಟಗೊಂಡು ಕುಂತೀವಿ. ಎಲ್ಲಾರ ಮನ್ಯಾಗೂ ಹಿಂಗ ಐತಿ. ಯಾರೂ ಚಾ ಕುಡದಿಲ್ಲ. ಭಾಂಡ ಇಲ್ಲ.”

“ಭಾಂಡ ಇಲ್ಲಂದ್ರ?”

ಚನಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬೋಗಾಣಿ ನಿಮ್ಮ ಮನ್ಯಾಗ ಐತೆವ್ವಾ. ಸತ್ತ ಮನಿಯಿಂದ ಒಲಿ ಮ್ಯಾಲಿನ ಪಾತ್ರಿ ಮೂರ್ ದಿನ ಹೊರಗ ತರಬಾರ್ದು. ತಂದ ಮನಿಗೆ ಸಾವು ಬೆನ್ನ ಹತ್ತತೈತಿ. ಅದಕ್ಕ ಮುಂಜಾನಿ ನಿನಗ ಮುಟ್ಟಬ್ಯಾಡ ಅಂದೆ.”

“ಮತ್ತ ಬ್ಯಾರೆ ಪಾತ್ರ್ಯಾಗ ಮಾಡ್ಬೇಕಿಲ್ಲ?”

“ಹೆಂಗ ಮಾಡೂದು?” ಚನಬಸವ್ವನ ಧ್ವನಿ ಏರಿತು. “ಒಮ್ಮಿ ಅದರ ಬುಡ ತೂತ ಬಿದ್ದು ಬೆಸುಗಿ ಹಾಕಸಾಕ ಹೋಗಿತ್ತು. ಆ ಕಡೀ ಮನಿಯವ್ರಿಗೆ ಬ್ಯಾರೆ ಪಾತ್ರ್ಯಾಗ ಮಾಡಿ ಉಣ್ಣಿಸಿದ್ವಿ. ಅದ ತಿಂಗಳ ಆ ಮನ್ಯಾಗ ಇನ್ನೊಂದು ಹೆಣ ಬಿತ್ತು. ಅವತ್ತಿನಿಂದ ಯಾರಿಗೂ ಧೈರ್ಯ ಇಲ್ಲ. ನಿಮ್ಮಪ್ಪಗ ಏನರ ಆದ್ರ? ಮುಂಜಾನಿಂದ ಇದ ಜಗಳಾ ನಡದೈತಿ. ನಿನಗ ಹೆಂಗ ಹೇಳೂದು ಇದನ್ನ, ಹೆತ್ತವ್ವನ್ನ ಕಳಕೊಂಡಾಕಿಗೆ?”

ಮಂಜುಳಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವ್ವನನ್ನು ಯಾರೂ ಮರೆತಿರಲಿಲ್ಲ. ಅವ್ವನಿಗೆ ಏನೂ ಕಡಿಮೆಯಾಗಬಾರದೆಂದು ಇಷ್ಟೂ ಮನೆಗಳು ಉಪವಾಸ ಕೂತಿದ್ದವು. ಆದರೆ ಹೊಸ್ತಿಲ ಮೇಲಿನ ಅಪ್ಪ ಈಗ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ.

ಆಗ ರಾಧಾಬಾಯಿ ಕೋಲು ಊರಿ ಚನಬಸವ್ವನ ಎದುರು ಬಂದು ನಿಂತಳು.

“ಬಸವ್ವಾ, ನಿನ್ನ ಗಂಡ ಹೋದ ದಿನ ನೆನಪೈತಿ?”

“ಇಲ್ಲೇನ್ರಿ, ಬಾಯಿ? ಆ ಬ್ಯಾಳಿ ಉಂಡ ನಾ ಎದ್ದು ಕುಂತದ್ದು.”

“ಅದರ ಹಿಂದಿನ ದಿನ ನಿನ್ನ ಮೊಮ್ಮಗಳ ಹೆಸರಿಡೂ ಕಾರ್ಯಕ್ರಮ ಆಗಿತ್ತು. ಭಾಂಡ ಎಲ್ಲಿತ್ತು?”

ಚನಬಸವ್ವ ತನ್ನ ಮನೆಯ ಬಾಗಿಲ ಕಡೆ ತಿರುಗಿ ನೋಡಿದಳು.

“ನಿನ್ನ ಮನ್ಯಾಗ,” ಎಂದಳು ರಾಧಾಬಾಯಿ. “ನೀನು ಬೇಶುದ್ಧ ಬಿದ್ದಿದ್ದಿ. ದಾನಮ್ಮ ಸೀದಾ ಒಳಗ ಹೋದ್ಲು, ಹೆಣದ ಬಾಜೂಲಿಂದ ಭಾಂಡ ಎತ್ತಿ ತಲಿ ಮ್ಯಾಲೆ ಇಟಗೊಂಡು ಬಂದ್ಲು. ನಾ ಕೇಳ್ದೆ, ಹೆದರಿಕಿ ಇಲ್ಲೇನ ಅಂತ. ‘ಹೆದರೂದು ನಾಳೆ ನೋಡೂಣು, ಬಾಯಿ, ಬಸವ್ವ ಈಗ ಹಸದಾಳ’ ಅಂದ್ಲು. ನಿನಗ ಹೇಳಬಾರ್ದು ಅಂತ ಆಣಿ ಹಾಕಿದ್ಲು. ಹೇಳಿದ್ರ ನೀ ಉಣ್ಣಾಕಿ ಅಲ್ಲ.”

“ಮತ್ತ... ಆಕಿ ಮನಿಗೆ ಏನೂ...?”

“ಎಷ್ಟು ವರ್ಷ ಆತು ಅದಾಗಿ! ಸಾವು ಬೆನ್ನ ಹತ್ತೂದಿದ್ರ ಇಷ್ಟು ತಡಾ ಮಾಡ್ತಿತ್ತೇನ?”

ಚನಬಸವ್ವ ಸೆರಗನ್ನು ನಡುವಿಗೆ ಬಿಗಿದು, ಗಲ್ಲಿ ದಾಟಿ, ರಾಚಪ್ಪನ ಪಕ್ಕದಿಂದ ಒಳಗೆ ನಡೆದಳು. ಅಟ್ಟದ ಅಂಚಿನಲ್ಲಿ ಬೆಳಗಿನಿಂದ ಚಾಚಿಕೊಂಡಿದ್ದ ಬೋಗಾಣಿಯನ್ನು ಕೆಳಗಿಳಿಸಿದಳು. ಅದನ್ನು ಎದೆಗವಚಿಕೊಂಡು ಹೊರಬರುವಾಗ, “ದಾನವ್ವಾ, ಎಂಥಾಕಿ ಇದ್ದಿ ನನ್ನವ್ವಾ,” ಎಂದು ಗಲ್ಲಿಗೆಲ್ಲ ಕೇಳುವಂತೆ ಅತ್ತಳು. ಬೆಳಗಿನಿಂದ ಅವಳು ಹಾಗೆ ಬಾಯಿ ಬಿಟ್ಟು ಅತ್ತಿರಲಿಲ್ಲ.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಮೂರು ಕಲ್ಲು ಹೂಡಿದರು, ಯಲ್ಲಾಲಿಂಗ ಕಟ್ಟಿಗೆ ತಂದ, ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದೆದ್ದಿತು. ಬೇಳೆ ಕುದಿಯಿತು. ಬೆಳ್ಳುಳ್ಳಿ ಎಣ್ಣೆಗೆ ಬಿದ್ದು ಚುಂಯ್ ಎಂದಾಗ ಹೊಸ್ತಿಲ ಮೇಲಿನ ರಾಚಪ್ಪ ಕಣ್ಣು ತೆರೆದ.

“ಬಂತು,” ಎಂದ.

ಚನಬಸವ್ವ ತಟ್ಟೆ ತಂದಳು. ಆದರೆ ತುತ್ತು ಕೊಡಲು ರಾಧಾಬಾಯಿಯನ್ನೇ ಮುಂದೆ ಬಿಟ್ಟಳು. ಮುದುಕಿ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತು, ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ರಾಚಪ್ಪನ ಬಾಯಿಗಿಟ್ಟಳು. ಅವನು ನುಂಗಿದ. ಇನ್ನೊಂದಕ್ಕೆ ಬಾಯಿ ತೆರೆದ. ಅವನು ಎರಡನೇ ರೊಟ್ಟಿಗೆ ಕೈಚಾಚಿದ ಮೇಲೆಯೇ ಮಂಜುಳಾ ತನ್ನ ತಟ್ಟೆ ಮುಟ್ಟಿದಳು. ಬೇಳೆಯಲ್ಲಿ ಬೆಳ್ಳುಳ್ಳಿ ಒಂದಿಷ್ಟು ಸೀದಿತ್ತು. ಅವ್ವನ ಕೈಯಲ್ಲೂ ಹಾಗೇ ಸೀಯುತ್ತಿತ್ತು. ಗಲ್ಲಿಯವರೆಲ್ಲ ಅಲ್ಲೇ ನೆಲದ ಮೇಲೆ ಕೂತು ಉಂಡರು. ಎಷ್ಟು ಜನರ ಋಣ ಅವ್ವ ನನಗೆ ಬಿಟ್ಟು ಹೋದಳು ಎಂದುಕೊಂಡಳು ಮಂಜುಳಾ. ಭಾರವೆನಿಸಲಿಲ್ಲ.

ಉಂಡ ಮೇಲೆ ಅವಳೇ ಬೋಗಾಣಿ ಎತ್ತಿಕೊಂಡು ನಳದ ಕಟ್ಟೆಗೆ ನಡೆದಳು.

“ನೀ ತೊಳಿಬಾರ್ದವ್ವಾ, ಸತ್ತ ಮನಿಯಾಕಿ,” ಎಂದು ಚನಬಸವ್ವ ಹಿಂದೆಯೇ ಬಂದಳು.

“ಇನ್ನೊಂದು ರೂಲ್ ಹೇಳಬ್ಯಾಡ, ಮೌಶಿ. ನೀರ ಹಾಕು.”

ಚನಬಸವ್ವ ನೀರು ಹಾಕಿದಳು. ತೊಳೆದದ್ದನ್ನು ಯಲ್ಲಾಲಿಂಗ ಹೊತ್ತು ಅಟ್ಟಕ್ಕೇರಿಸಲು ಹೊರಟಾಗ ರಾಚಪ್ಪ ಕೈ ಅಡ್ಡ ಹಿಡಿದ.

“ಒಳಗ ಬ್ಯಾಡ.”

“ಚನಬಸವ್ವಾಯಿ ಮನ್ಯಾಗ ಇಡ್ಲಿ, ಕಾಕಾ?”

“ಯಾರ ಮನ್ಯಾಗೂ ಬ್ಯಾಡ. ಎಲ್ಲಾರ ಮನ್ಯಾಗೂ ಒಂದಿನ ಸಾವು ಬರತೈತಿ. ಅವತ್ತ ಮತ್ತ ಇದ ಜಗಳಾ. ನಳದ ಕಟ್ಟಿ ಮ್ಯಾಲೆ ಇಡು.”

“ಬೈಲಾಗ? ಕಳುವಾದ್ರ?”

“ಯಾಂವ ಕದೀತಾನ? ಕದಿಯಾಂವನೂ ಅದರಾಗ ಉಂಡಾಂವನ,” ಎಂದ ರಾಚಪ್ಪ. ಹಿಂದಿನ ಸಂಜೆಯಿಂದ ಮೊದಲ ಬಾರಿಗೆ ಅವನ ಮೀಸೆಯಡಿ ಏನೋ ಮಿಸುಕಿತು.

ಯಲ್ಲಾಲಿಂಗ ಅದನ್ನು ಕಟ್ಟೆಯ ನಡುವೆ ಬೋರಲು ಹಾಕಿದ. ಕಪ್ಪಿಟ್ಟ ಬುಡ, ಅದರಲ್ಲಿ ಬೆಸುಗೆ ಹಾಕಿದ ಹಳೆಯ ಗುರುತು, ಮೇಲ್ಗಡೆ ಕಾಣುತ್ತಿದ್ದವು.

ಸಂಜೆ ನಳಕ್ಕೆ ನೀರು ಬರುವ ಹೊತ್ತಾಯಿತು. ಹೆಂಗಸರು ದಿನದಂತೆ ಕೊಡ, ಬಕೆಟ್ಟು, ಡಬ್ಬಿ ತಂದು ಸಾಲು ಹಚ್ಚಿದರು. ಜಾಗಕ್ಕಾಗಿ ದಿನದಂತೆ ಎರಡು ಮಾತೂ ಆದವು. ಆದರೆ ಬೋಗಾಣಿಯನ್ನು ಯಾರೂ ಪಕ್ಕಕ್ಕೆ ಸರಿಸಲಿಲ್ಲ. ಕೊಡಗಳ ಸಾಲು ಅದರವರೆಗೆ ನೆಟ್ಟಗೆ ಬಂದು, ಅದನ್ನು ಬಳಸಿಕೊಂಡು ಮುಂದೆ ಹೋಯಿತು.