ಎರಡು ಹೆಜ್ಜೆ ಹಿಂದೆ

ಮುದುಕಿ ಬಗ್ಗಿ ಬೂಟಿನ ಲೇಸು ಬಿಗಿಯುತ್ತಿದ್ದಾಗ ಮಗಳು ಗಾಲಿಕುರ್ಚಿ ತಳ್ಳಿಕೊಂಡು ಬಂದು ಅವಳ ಮೊಣಕಾಲಿಗೆ ತಾಗುವಂತೆ ನಿಲ್ಲಿಸಿದಳು. ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಐವತ್ತೆರಡು ವರ್ಷ ಬೂಟು ಹೊಲಿದ ಅವಳ ಗಂಡ, ಬೀದಿಗೆಲ್ಲ ಅಟ್ಟೆಯಜ್ಜ, ಕೈಯಲ್ಲಿ ಕೆಲಸವಿಲ್ಲದೆ ಮಲಗಿದ್ದ.

“ಸ್ಮಶಾನ ಇಲ್ಲೇ ಇಲ್ಲಮ್ಮ, ಸೇತುವೆ ದಾಟ್ಬೇಕು. ಕೂತ್ಕೋ.”

“ನಡ್ಕೊಂಡ್ ಬರ್ತೀನಿ.”

“ನಿನ್ನೆ ಬಚ್ಚಲಿಗೆ ಹೋಗೋಕೇ ಗೋಡೆ ಹಿಡ್ಕೊಂಡಿದ್ದೆ.”

“ಗೋಡೆ ಹಿಡ್ಕೊಂಡಿದ್ದೆ. ಕುರ್ಚಿ ಹಿಡ್ಕೊಂಡಿರ್ಲಿಲ್ಲ.”

ಮಗಳು ನಿಟ್ಟುಸಿರು ಬಿಟ್ಟಳು. ಕುರ್ಚಿ ಬರೆದುಕೊಟ್ಟಿದ್ದು ಆರೋಗ್ಯ ಕೇಂದ್ರದ ಡಾಕ್ಟರು. ಸೊಂಟ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ವಯಸ್ಸಾಯ್ತಲ್ಲಮ್ಮ ಎಂದಿದ್ದರು. ಅಲ್ಲಿ ಬಾಗಿಲ ಬಳಿ ಬೆಂಚಿನಡಿ ಬಿಟ್ಟಿದ್ದ ಅವಳ ಬೂಟುಗಳನ್ನು ಯಾರೂ ತಿರುಗಿಸಿ ನೋಡಿರಲಿಲ್ಲ. ಮುದುಕಿಯೂ ತೋರಿಸಿರಲಿಲ್ಲ.

*

ಹುಟ್ಟಿನಿಂದಲೇ ಅವಳ ಎಡಗಾಲು ಬಲಗಾಲಿಗಿಂತ ಹೆಬ್ಬೆರಳ ದಪ್ಪದಷ್ಟು ಗಿಡ್ಡ. ಅದಕ್ಕೆ ಸರಿಯಾಗಿ ಎಡ ಬೂಟಿನ ಅಟ್ಟೆ ಏರಿಸಿಕೊಟ್ಟವನನ್ನೇ ಅವಳು ಮದುವೆಯಾದಳು. ಅವನು ಬೀದಿಯಲ್ಲಿ ಯಾವಾಗಲೂ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ನಿಮ್ಮ ಬಾಲವಾ ಎಂದು ಒಮ್ಮೆ ನಡುಬೀದಿಯಲ್ಲೇ ನಿಂತುಬಿಟ್ಟಿದ್ದಳು.

“ಪಕ್ಕದಲ್ಲಿದ್ರೆ ನೀನು ಮಾತಾಡೋದೇ ಕೇಳುತ್ತೆ, ಹೆಜ್ಜೆ ಕೇಳಲ್ಲ,” ಎಂದಿದ್ದ ಅವನು. “ಮುಂದಿದ್ರೆ ಅಟ್ಟೆ ಎಷ್ಟು ಸವೆದಿದೆ ಅಂತ ಕಿವೀಲೇ ಗೊತ್ತಾಗುತ್ತೆ. ಸುಮ್ನೆ ಬಾ.”

ಅಂದಿನಿಂದ ಅವಳು ಎರಡು ಹೆಜ್ಜೆ ಹಿಂದೆಯೇ ನಡೆದಳು, ಬೇಕೆಂದೇ ತುಸು ಸದ್ದು ಮಾಡುತ್ತ.

ಹೋದ ವರ್ಷ ಅವನ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿನ ಸರದಿ ಬರುವ ಮೊದಲೇ ಅವಳಿಗೆ ಹೊಸ ಜೋಡಿ ಹೊಲಿದ. ಹಳೆಯದನ್ನು ಚರ್ಮಕ್ಕೆಂದು ಬಿಚ್ಚಿಹಾಕಿದ್ದ. ಹೊಸದರಲ್ಲಿ ಎರಡು ಹೆಜ್ಜೆ ಇಟ್ಟಾಗಲೇ ಅವಳಿಗೆ ತಿಳಿಯಿತು, ಅಟ್ಟೆ ಏರಿಸಿದ್ದು ಬಲ ಬೂಟಿಗೆ.

“ಹೆಂಗಿದೆ?”

ಅವನ ಬೆರಳಲ್ಲಿ ಸೂಜಿ ಚುಚ್ಚಿದ ರಕ್ತ ಒಣಗಿತ್ತು.

“ಹತ್ತಿ ಮೇಲೆ ನಡೆದಂಗಿದೆ,” ಎಂದಳು.

ಆಮೇಲೆ ಅವನ ಎದೆ ಸೋತು ಮಂಚ ಹಿಡಿದ. ಮಂಚವನ್ನು ಕೆಲಸದ ಮೇಜಿನ ಪಕ್ಕಕ್ಕೇ ಹಾಕಿಸಿಕೊಂಡು, ಕಿಟಕಿ ತನಕ ಒಂದ್ಸಲ ನಡಿ ನೋಡೋಣ ಎನ್ನುತ್ತಿದ್ದ. ಅವಳು ಹಲ್ಲು ಕಚ್ಚಿ, ಆದಷ್ಟು ನೆಟ್ಟಗೆ, ನಡೆಯುತ್ತಿದ್ದಳು.

*

ಪೆಟ್ಟಿಗೆ ಹೊರತರಲು ಜಾಗ ಸಾಲದೆ ಎದುರುಮನೆಯ ಬೇಕರಿಯವನು ಮಂಚ ಸರಿಸತೊಡಗಿದ್ದ. ಸರಿಸುತ್ತಲೇ ಮಗಳಿಗೆ ತನ್ನ ಕಾಲು ತೋರಿಸಿದ. ಅಟ್ಟೆಯಜ್ಜ ಕೊನೆಗೆ ಹೊಲಿದುಕೊಟ್ಟ ಬೂಟಿನಲ್ಲಿ ಲೇಸಿನ ತೂತು ಒಂದು ಕಡೆ ಐದು, ಇನ್ನೊಂದು ಕಡೆ ಆರು. “ಯಾರಿಗ್ ಹೇಳೋದು? ಇಡೀ ಬೀದಿ ಸೊಟ್ಟ ಬೂಟು ಹಾಕ್ಕೊಂಡು ಭೇಷ್ ಅಂತಾ ಓಡಾಡ್ತು,” ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹಾಸಿಗೆಯಡಿಯಿಂದ ಬಟ್ಟೆಯ ಗಂಟೊಂದು ಕೆಳಗೆ ಬಿತ್ತು. ಮಗಳು ಬಿಚ್ಚಿದಳು. ಒಂದು ಜೊತೆ ಬೂಟು. ಎಡದ್ದರ ಅಟ್ಟೆ ಹೆಬ್ಬೆರಳಷ್ಟು ದಪ್ಪ. ಹಿಮ್ಮಡಿಯ ಬಳಿ ಹೊಲಿಗೆ ಎರಡು ಬೆರಳಿನಷ್ಟು ಬಾಕಿ, ಸೂಜಿ ದಾರದಲ್ಲೇ ತೂಗುತ್ತಿತ್ತು.

ಗೋಡೆಗೊರಗಿ ನಿಂತಿದ್ದ ಆರೋಗ್ಯ ಕೇಂದ್ರದ ನರ್ಸ್ ಮುದುಕಿಯ ಪಕ್ಕ ಬಂದು ಕೂತಳು. ಗುರುವಾರ ಗುರುವಾರ ಅಜ್ಜನ ಬಿಪಿ ನೋಡಲು ಬರುತ್ತಿದ್ದವಳು ಅವಳೇ. ಆ ಹೊತ್ತಿಗೆ ಮುದುಕಿ ಸೊಂಟದ ವ್ಯಾಯಾಮಕ್ಕೆ ಹೋಗಿರುತ್ತಿದ್ದಳು.

“ಸೂಜಿಗೆ ದಾರ ನಾನೇ ಪೋಣಿಸ್ತಿದ್ದೆ, ಅಜ್ಜಿ. ಮಿಕ್ಕಿದ್ದೆಲ್ಲ ಅವರು ಕೈಯಲ್ಲಿ ತಡವಿ ತಡವಿ ಹೊಲಿದ್ರು.”

ಮುದುಕಿ ಅವಳ ಕಡೆ ತಿರುಗಿದಳು. “ಏನಾದ್ರೂ ಅಂದ್ರಾ?”

“ಅವಳ ಎಡಗಾಲು ನೆಲ ಹುಡುಕ್ಕೊಂಡು ಬೀಳ್ತಾ ಇದೆ, ನಾನು ತಪ್ಪು ಕಾಲಿಗೆ ಏರಿಸ್ಬಿಟ್ಟಿದೀನಿ ಅಂದ್ರು. ಮುಗಿಯೋ ತನಕ ಹೇಳ್ಬೇಡ, ನನಗೆ ಗೊತ್ತಾಗಬಾರ್ದು ಅಂತ ಅವಳು ಅಷ್ಟು ಕಷ್ಟಪಟ್ಟು ನಡೀತಾಳೆ ಅಂದ್ರು.”

ಮುದುಕಿ ಕಾಲು ಮುಂದೆ ಚಾಚಿದಳು. ಮಗಳು ಕೆಳಗೆ ಕೂತು ಕಾಲಲ್ಲಿದ್ದ ಬೂಟು ಬಿಚ್ಚಿ ಹೊಸದನ್ನು ತೊಡಿಸಿದಳು, ಸೂಜಿ ತೆಗೆದು ದಾರ ಕತ್ತರಿಸಲು ಕತ್ತರಿಗೆ ಕೈ ಹಾಕಿದಳು.

“ದಾರ ಇರ್ಲಿ ಬಿಡು.”

ಪೆಟ್ಟಿಗೆ ಹೊರಟಿತು. ಎರಡು ಹೆಜ್ಜೆ ಹಿಂದೆ ಮುದುಕಿ. ಅವಳ ಹಿಂದೆ ಮಗಳು, ಖಾಲಿ ಕುರ್ಚಿ ತಳ್ಳಿಕೊಂಡು. ಹೊತ್ತವರು ಸೇತುವೆಯ ಮೇಲೆ ಮೂರು ಸಲ ಅವಳಿಗಾಗಿ ನಿಂತರು. ಮೂರು ಸಲವೂ ಅವಳು ಕಟ್ಟೆ ಹಿಡಿದು ಉಸಿರು ತೆಗೆದುಕೊಂಡು, ಕುರ್ಚಿಯ ಕಡೆ ತಿರುಗದೆ, ಮತ್ತೆ ಹೊರಟಳು. ಟಕ್, ಟಕ್.

ಸ್ಮಶಾನದಲ್ಲಿ ಎಲ್ಲರೂ ಚದುರಿದ ಮೇಲೂ ಹೊಸಮಣ್ಣಿನಲ್ಲಿ ಅವಳ ಹೆಜ್ಜೆಗಳು ಹಾಗೇ ಉಳಿದಿದ್ದವು. ಎಡದ್ದೂ ಬಲದ್ದೂ ಒಂದೇ ಆಳ. ಎಡ ಹೆಜ್ಜೆಯ ಹಿಂದೆ ಮಾತ್ರ, ದಾರ ಎಳೆದುಕೊಂಡು ಹೋದ ಸಣ್ಣದೊಂದು ಗೆರೆ.