ನನ್ನ ಗಂಟು ಸಡಿಲವಾಗುವುದಿಲ್ಲ

ಹಾಲೆಂಡಿನ ಕಾಲುವೆಗಳಲ್ಲಿ ನನ್ನಷ್ಟು ಚೆನ್ನಾಗಿ ಹಡಗು ನಡೆಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಾಚಿಕೆಯಿಂದ ರೈಲಿನ ಕೆಲಸಕ್ಕೆ ಸೇರಿರಬೇಕು. ಅಂಥ ನಾನು, ನನ್ನ ಹೆಂಡತಿ ಫೆನ್ನಾ, ನಮ್ಮ 'ಯಾಂಟಿನಾ' ಹಡಗು, ಅದರ ಹೊಟ್ಟೆಯಲ್ಲಿದ್ದ ಒಂದು ಬೆಟ್ಟದಷ್ಟು ಜಲ್ಲಿ, ಎಲ್ಲರೂ ಆ ನವೆಂಬರ್ ಬೆಳಿಗ್ಗೆ, ಹಡಗುಗಳನ್ನು ಮೇಲಿನ ಕಾಲುವೆಯಿಂದ ಕೆಳಗಿನದಕ್ಕೆ ಇಳಿಸುವ ನೀರುಕೋಣೆಯಲ್ಲಿ ಸಿಕ್ಕಿಬಿದ್ದೆವು.

ಹಿಂದಿನ ಉಕ್ಕಿನ ಬಾಗಿಲು ಮುಚ್ಚಿತ್ತು, ಮುಂದಿನದು ತೆರೆದಿರಲಿಲ್ಲ. ನಡುವೆ ನೀರು ಇಳಿಯುತ್ತಿತ್ತು, ಅದರ ಜೊತೆ ಹಡಗೂ ಇಳಿಯುತ್ತಿತ್ತು, ಪಾಚಿಗಟ್ಟಿದ ಗೋಡೆಗಳು ಎರಡೂ ಕಡೆ ಬೆಳೆಯುತ್ತಿದ್ದವು. ಮೇಲೆ ಮಂಜು. ಎಂಥ ಮಂಜು ಅಂದರೆ, ಚಾಕುವಿನಲ್ಲಿ ಕೊಯ್ದು ಬ್ರೆಡ್ಡಿಗೆ ಸವರಬಹುದಿತ್ತು.

ನಮ್ಮ ಚುಕ್ಕಾಣಿ ಕೋಣೆಯ ಕಂಪ್ಯೂಟರಿನಲ್ಲೇ ಕಾಲುವೆಯ ನಕಾಶೆ, ರೇಡಾರ್ ಎಲ್ಲ ಕಾಣುವುದು. ಚಿತ್ರ ಈಚೆಗೆ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ನೀರು ಇಳಿಯುವಷ್ಟರಲ್ಲಿ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಮುಗಿಸುತ್ತೇನೆ ಎಂದು ರೇಡಿಯೊದಲ್ಲಿ ಸಾರಿದೆ. ಸುತ್ತಲಿನ ಹಡಗುಗಳೆಲ್ಲ ಕೇಳಿಸಿಕೊಂಡವು. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೆ, ಕಾರ್ಡ್ ಕೂರಿಸಿದೆ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

"ಏನಯ್ಯಾ ಹಾರ್ಮೆನ್, ಚಿತ್ರ ಬಂತಾ?" ಬಾಗಿಲು ತೆಗೆಯುವ ಅಧಿಕಾರಿ ವಿಗ್ಗರ್ ರೇಡಿಯೊದಲ್ಲಿ ಕೇಳಿದ.

"ಬರ್ತಾ ಇದೆ. ಕಾರ್ಡು ದೊಡ್ಡದು, ನಿಧಾನಕ್ಕೆ ಏಳುತ್ತೆ."

"ಈ ಮಂಜಲ್ಲಿ ಚಿತ್ರ ಇಲ್ದೆ ನಿನ್ನ ಆಚೆ ಬಿಡಲ್ಲ. ಮೇಲೂ ಕೆಳಗೂ ಹಡಗು ಸಾಲು ನಿಂತಿವೆ. ನಿನ್ನಿಂದ ಆಗಲ್ಲ ಅನ್ನು, ಎಳೆಯೋ ದೋಣಿ ಕರೀತೀನಿ."

ಎಳೆಯುವ ದೋಣಿ! ಫೆನ್ನಾ ಕಾಫಿ ಬಟ್ಟಲು ಕೆಳಗಿಟ್ಟಳು. "ನಾನು ಹೇಳಿದ್ದು ನೆನಪಿದೆ ತಾನೆ?"

ಮರೆಯುವುದುಂಟೇ? ಹೋದ ತಿಂಗಳು ಬಂದರಿನಲ್ಲಿ ಹಡಗನ್ನು ಹಿಮ್ಮುಖವಾಗಿ ತಿರುಗಿಸುವ ನನ್ನ ಚಮತ್ಕಾರ ತೋರಿಸಹೋಗಿ ಒಂದು ಹೋಟೆಲಿನ ಹೊರಗಿನ ಕುರ್ಚಿಗಳನ್ನೆಲ್ಲ ನೀರಿಗೆ ತಳ್ಳಿದ್ದೆ. ಇನ್ನೊಂದು ಸಲ ಯಾಂಟಿನಾ ನಗೆಪಾಟಲಾದರೆ ಮಾರಿ, ಜ್ವೊಲ್ಲೆ ಊರಿನಲ್ಲಿ ಅವಳ ತಂಗಿಯ ಪಕ್ಕದ ಮನೆ ಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಅರ್ಧ ಹಡಗು ಅವಳದೇ, ಅವಳಪ್ಪನಿಂದ ಬಂದದ್ದು. ಮನೆ ಅಂದರೆ ಅಲ್ಲಾಡದ ನೆಲ, ಸಾಯುವ ತನಕ ಕಿಟಕಿಯಲ್ಲಿ ಅದೇ ಎದುರುಮನೆ, ಅದೇ ಎದುರುಮನೆಯ ಬೆಕ್ಕು.

ಕಾರ್ಡ್ ಕಿತ್ತು ಮತ್ತೆ ಕೂರಿಸಿದೆ. ಅದಕ್ಕೆ ಕರೆಂಟು ಕೊಡುವ ವೈರನ್ನು ಬಿಚ್ಚಿ ಚುಚ್ಚಿದೆ. ಮೆಮೊರಿ ಪಟ್ಟಿಗಳನ್ನು ತೆಗೆದು ಊದಿದೆ. ನಾನು ಊದಿದ ರಭಸಕ್ಕೆ ಮಂಜೇ ಚದುರಬೇಕಿತ್ತು. ಪರದೆಯದೇ ದೋಷವೆಂದು ಮಲಗುವ ಕೋಣೆಯ ಟೀವಿ ಹೊತ್ತು ತಂದು ಪರದೆಯ ವೈರನ್ನು ಪರದೆಯಿಂದ ಕಿತ್ತು ಆ ತುದಿಯನ್ನು ಅದಕ್ಕೆ ಸಿಕ್ಕಿಸಿದೆ. ಟೀವಿಯೂ ಕಪ್ಪು. ಹೊರಗೆ ನೀರು ತಳ ಮುಟ್ಟಿತು. ನಾವು ಬಾವಿಯ ಅಡಿಯಲ್ಲಿದ್ದೆವು.

"ವೈರು ಸಡಿಲ ಇರಬಹುದು ನೋಡೋ!" ಹಿಂದಿನ ಬಾಗಿಲ ಆಚೆ ಕಾಯುತ್ತಿದ್ದ ಮರಳು ಹಡಗಿನವನು ರೇಡಿಯೊದಲ್ಲಿ ಕೂಗಿದ.

"ನಾನು ಕಟ್ಟಿದ್ದು ಸಡಿಲಾನಾ? ನಿನ್ನ ಹಡಗನ್ನೇ ಅದಕ್ಕೆ ನೇತುಹಾಕ್ತೀನಿ, ಬಾ!"

ಸುಳ್ಳಲ್ಲ. ಹಡಗು ಅದುರುತ್ತದೆಂದು ಪರದೆಗೆ ಹೋಗುವ ವೈರನ್ನು ಹಿಂದೆಯೇ ಕಂಪ್ಯೂಟರಿನ ಬೆನ್ನಿಗೆ ತಿರುಪು ಹಾಕಿ, ಟೇಪು ಸುತ್ತಿ, ಮೇಲೆ ಹುರಿಯಿಂದ ಬಿಗಿದಿದ್ದೆ. ಚಂಡಮಾರುತ ಬಂದು ಎಳೆದರೂ ಬೇಡ ಅಂದು ಹಿಂದಿರುಗಬೇಕು, ಅಂಥ ಗಂಟು.

ಫೆನ್ನಾ ನನ್ನನ್ನು ಸರಿಸಿ, ಟಾರ್ಚು ಹಿಡಿದು ಪೆಟ್ಟಿಗೆಯ ಹಿಂದೆ ತಲೆ ತೂರಿಸಿದಳು. ತುಂಬ ಹೊತ್ತು ಹೊರಗೆ ಬರಲಿಲ್ಲ.

"ಹಾರ್ಮೆನ್, ಪರದೆ ವೈರು ಚುಚ್ಚೋಕೆ ಹೊಸ ಕಾರ್ಡಿಗೆ ಅದರದೇ ತೂತು ಇದೆಯಲ್ಲ?"

"ಇದೆ. ಒಂದಲ್ಲ, ನಾಲ್ಕು. ಸುಮ್ನೆ ತಂದಿದೀನಾ ನಾನು?"

"ನಾಲ್ಕೂ ಖಾಲಿ. ನೀನು ಬಿಗಿದಿರೋದು ಕಂಪ್ಯೂಟರಿನ ಹಳೇ ತೂತಿಗೆ. ಹಡಗನ್ನ ಭದ್ರವಾಗಿ ಕಟ್ಟಿದೀಯ, ಕಂಬ ಮಾತ್ರ ಬೇರೆ ಊರಿಂದು."

ಚಾಕು ತೆಗೆದು, ಜಗತ್ತಿನ ಅತ್ಯುತ್ತಮ ಗಂಟನ್ನು ಕೈಯಾರೆ ಕೊಯ್ದೆ. ವೈರನ್ನು ಕಾರ್ಡಿನ ತೂತಿಗೆ ಹಾಕಿದ ಕೂಡಲೇ ಟೀವಿಯ ತುಂಬ ಕಾಲುವೆ ಹರಡಿತು, ನೀಲಿ, ಹಸಿರು, ಒಂದೊಂದು ತೇಲುಗುರುತೂ ವಜ್ರದ ಹಾಗೆ.

"ಚಿತ್ರ ಬಂತು ವಿಗ್ಗರ್!"

"ಭೇಷ್! ಏನಾಗಿತ್ತು? ಎಲ್ಲರೂ ಕಿವಿ ತೆರ್ಕೊಂಡು ಕೂತಿದಾರೆ."

ಉತ್ತರ ಸಿದ್ಧವಿತ್ತು, ಅದರಲ್ಲಿ ಒಂದು ಸಿಡಿಲು, ಒಂದು ದೊಡ್ಡ ಹಾವುಮೀನು, ನನ್ನ ಅಪಾರ ಧೈರ್ಯ ಎಲ್ಲ ಇದ್ದವು. ಫೆನ್ನಾ ಮೈಕಿನ ಮೇಲೆ ಕೈ ಇಟ್ಟಳು.

"ನಗೆಪಾಟಲು ಮಾಡೋದು ಹಡಗಲ್ಲ, ಈ ಮೈಕು. ಜ್ವೊಲ್ಲೆ ಮನೆಗೆ ಬರ್ತೀಯೋ, ಮೈಕು ಬಿಡ್ತೀಯೋ? ಒಂದು ಹೇಳು. ಈಗಲೇ."

ಎದುರುಮನೆಯ ಬೆಕ್ಕು ಕಣ್ಣ ಮುಂದೆ ಬಂತು. ಮೈಕು ಕೊಟ್ಟೆ.

"ಯಾಂಟಿನಾ ಹೊರಡೋಕೆ ಸಿದ್ಧ," ಎಂದಳು. "ಇನ್ಮೇಲೆ ಈ ಹಡಗಿಂದ ಮಾತಾಡೋದು ನಾನು. ಬಾಗಿಲು ತೆಗಿ, ವಿಗ್ಗರ್."

ಬಾಗಿಲು ತೆರೆಯಿತು. ನಾನು ಚುಕ್ಕಾಣಿ ಹಿಡಿದು ಕೂದಲೆಳೆಯಷ್ಟೂ ಗೋಡೆ ತಾಗಿಸದೆ ಹೊರಬಂದೆ, ಅಂಥ ಮಂಜಿನಲ್ಲಿ! ಹೊರಗೆ ಕಾಯುತ್ತಿದ್ದ ಹಡಗುಗಳು ಒಂದೊಂದಾಗಿ ಪಕ್ಕಕ್ಕೆ ಬಂದು ರೇಡಿಯೊದಲ್ಲಿ ಕೇಳಿದವು.

"ಹಾರ್ಮೆನ್, ಏನಾಗಿತ್ತು ಹೇಳೋ!" "ಮೌನವ್ರತಾನಾ ಮಾರಾಯ?" "ಮೂರ್ಛೆ ಹೋಗಿದಾನಾ, ಫೆನ್ನಾ?"

"ಹುಷಾರಾಗಿದಾನೆ," ಎಂದು ಫೆನ್ನಾ ಮೈಕು ಕೆಳಗಿಟ್ಟಳು. ಹಾವುಮೀನು ನನ್ನ ಗಂಟಲಲ್ಲೇ ಒದ್ದಾಡುತ್ತಿತ್ತು. ಹಡಗುಗಳ ಸಾಲು ಮುಗಿಯುವಂತೆಯೇ ಕಾಣಲಿಲ್ಲ.