ಹೊರಸುತ್ತು

ಬೆಳಗಿನ ಮಾರಿಕುಪ್ಪಂ ರೈಲು ಹೊರಟಿತೆಂದರೆ ನಾನೂ ಪಾಪಕ್ಕನೂ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ದಾಯ ಆಡುತ್ತೇವೆ. ಬಳೆಚೂರುಗಳೇ ಕಾಯಿ. ನಮ್ಮ ಗಾರ್ಮೆಂಟ್ಸಿಗೆ ಹೊಸದಾಗಿ ಸೇರಿದ ಮೀನಾಳಿಗೂ ಈ ವಾರ ಆಟ ಕಲಿಸಿದೆ.

"ಯಾರದ್ದಾದ್ರೂ ಒಂದು ಕಾಯಿ ಕಡೀಬೇಕು ಕಣೇ. ಕಡೀದಿದ್ರೆ ಒಳಸುತ್ತಿಗೆ ಓಗಂಗಿಲ್ಲ" ಅಂತ ಹತ್ತು ಸಲ ಬಡಕೊಂಡೆ. ಅವಳು ಹಿತ್ತಾಳೆ ದಾಳ ಉರುಳಿಸುವಳು. ನನ್ನ ಕಾಯಿ ಕಡಿಯುವಂಥ ಗರ ಬಿದ್ದರೂ ಬೇರೆಯದನ್ನು ನಡೆಸಿ ಹೊರಗಿನ ಮನೆಗಳಲ್ಲೇ ಸುತ್ತುವಳು.

ಕಿಟಕಿಯಾಚೆ ಗಣಿಮಣ್ಣಿನ ಬೂದುಗುಡ್ಡಗಳು ಮಂಜಿನಲ್ಲಿ ತೇಲುತ್ತಿದ್ದವು. ರೈಲು ಎಲ್ಲಿಗೂ ಹೋಗದೆ ಅವನ್ನೇ ಸುತ್ತುತ್ತಿದೆಯೇನೋ ಅನ್ನಿಸಿತು.

ಬಂಗಾರಪೇಟೆ ದಾಟುವಷ್ಟರಲ್ಲಿ ಪಾಪಕ್ಕ ಕಾಯಿಗಳನ್ನೆಲ್ಲ ಒಳಸುತ್ತು ದಾಟಿಸಿ ನಡುಮನೆಯಲ್ಲಿ ಹಣ್ಣು ಮಾಡಿ ಗೆದ್ದು, ಮುಖದ ಮೇಲೆ ಸೆರಗೆಳೆದು ನಿದ್ದೆಹೋದಳು. ನಾನಿನ್ನೂ ಒಂದೂ ಕಡಿದಿರಲಿಲ್ಲ. ರೇಗಿತು.

"ಇಂಗಾಡಿದ್ರೆ ಯಾವತ್ತೇ ನೀನು ಒಳಗೋಗೋದು?"

"ಒಳಗೋಗಿ ಏನ್ ಮಾಡ್ಲಕ್ಕಾ? ಪಾಪಕ್ಕ ಓಗಿ ಮಲಗವ್ರೆ. ನೀನು ಇಲ್ಲೇ ಇದ್ದೀಯಲ್ಲ" ಅಂದಳು ಮೀನಾ.

ದಾಳ ಉರುಳಿಸಿದೆ. ಮೂರು ಬಿತ್ತು. ಅವಳ ಕೆಂಪು ಬಳೆಚೂರು ನನ್ನ ಕಾಯಿಯಿಂದ ಸರಿಯಾಗಿ ಮೂರನೇ ಮನೆಯಲ್ಲಿತ್ತು.

ಕಿಟಕಿಯ ಕಡೆ ನೋಡುತ್ತಾ ಬೇರೆ ಕಾಯಿ ನಡೆಸಿದೆ.